ಭೋಪಾಲ್ ದಿನಚರಿ: ಮತ್ತೆ ಅ ಆ ಇ ಈ

4 ಫೆಬ್ರವರಿ 2024, ಭಾನುವಾರ

ಪಕ್ಕದ ಮನೆ ಆಂಟಿಯ ಮೊಮ್ಮಗಳು ಒಂದನೇ ಕ್ಲಾಸು. ಅವಳ ಗೋಡೆಯ ಹಿಂದಿ ಅಕ್ಷರಮಾಲೆಯ ಚಾರ್ಟೇ ಈಗ ನನ್ನ ಪಠ್ಯಪುಸ್ತಕ. ಅ ಸೆ ಅನಾರ್, ಆ ಸೆ ಆಮ್, ಇ ಸೆ ಇಮ್ಲೀ, ಈ ಸೆ ಈಖ್. ಈಖ್ ಅಂದರೆ ಕಬ್ಬು. ನಮ್ಮ ಅಗಸ, ಆನೆ, ಇಲಿ ಇದ್ದ ಜಾಗದಲ್ಲೆಲ್ಲ ಇಲ್ಲಿ ತಿನ್ನುವ ಸಾಮಾನು. ಮಕ್ಕಳು ಬೇಗ ಕಲಿಯಲಿ ಅಂತಲೋ ಏನೋ.

ಅಕ್ಷರ ಗುರುತಿಸುವುದು ಕಷ್ಟವಿಲ್ಲ. ಹೈಸ್ಕೂಲಿನ ಹಿಂದಿ ಅಷ್ಟು ಉಳಿದಿದೆ. ಗುಡಿಸು ಮಾತ್ರ ವಿಚಿತ್ರ. ಇಕಾರದ ಗೆರೆ ವ್ಯಂಜನದ ಎಡಕ್ಕೆ ಬಂದು ನಿಲ್ಲುತ್ತದೆ, ಓದುವಾಗ ವ್ಯಂಜನ ಆದಮೇಲೆ ಬರುತ್ತದೆ. ಈಕಾರದ್ದು ಬಲಕ್ಕೆ. ಇಲ್ಲಿನವರು ಇವನ್ನು 'ಛೋಟೀ ಇ', 'ಬಡೀ ಈ' (ಸಣ್ಣ ಇ, ದೊಡ್ಡ ಈ) ಅನ್ನುತ್ತಾರೆ.

ತೊಂದರೆ ಇರುವುದು ಬರೆದದ್ದನ್ನೆಲ್ಲ ಓದುವ ನಮ್ಮ ಅಭ್ಯಾಸದಲ್ಲಿ. ಇಲ್ಲಿನ ಹಬೀಬ್‌ಗಂಜ್ ಸ್ಟೇಷನ್ನಿಗೆ 2021ರ ನವೆಂಬರಿನಲ್ಲಿ ಗೊಂಡ ರಾಣಿ ಕಮಲಾಪತಿಯ ಹೆಸರಿಟ್ಟರು. ಬೋರ್ಡಿನಲ್ಲಿ ಕ-ಮ-ಲಾ-ಪ-ತಿ ಅಂತಲೇ ಇದೆ. ಆಟೋದವರ ಬಾಯಲ್ಲಿ ಅದು 'ಕಮ್ಲಾಪತೀ'. ಮಕಾರದ ಅ ಮಾಯ, ಕೊನೆಯ ಗುಡಿಸಿಗೆ ಪುಕ್ಕಟೆ ದೀರ್ಘ! ನಮಕ್ ಅನ್ನುವಾಗ ಮಕಾರದ ಅ ಗಟ್ಟಿಯಾಗಿ ಕೇಳಿಸುತ್ತದೆ. ನಮ್ಕೀನ್ ಅಂದ ಕೂಡಲೇ ಅದೇ ಅ ಬಿದ್ದುಹೋಗುತ್ತದೆ. ಬರವಣಿಗೆಯಲ್ಲಿ ಅದಕ್ಕೆ ಗುರುತೇ ಇಲ್ಲ. ನಮ್ಮಲ್ಲಿ ಅಕಾರಕ್ಕೂ ತಲಕಟ್ಟು ಇದೆ, ಅದು ಇದ್ದರೆ ಅ ಇದೆ ಅಂತಲೇ ಲೆಕ್ಕ. ಇಲ್ಲಿ ಅ ಉಂಟೋ ಇಲ್ಲವೋ ಅನ್ನುವುದನ್ನು ಕಿವಿಯೇ ಹೇಳಬೇಕು.

ಆಮೇಲೆ ಐ ಮತ್ತು ಔ. ನಮ್ಮ ಹಿಂದಿ ಕ್ಲಾಸಿನಲ್ಲಿ ಇಡೀ ಬೆಂಚು 'ಯಹ್ ಕಲಮ್ ಹೈ' ಅಂತ ಕೂಗುತ್ತಿತ್ತು, 'ಕೈ'ಗೆ ಪ್ರಾಸ ಹೊಂದುವ ಹಾಗೆ. ಇಲ್ಲಿ ಅದು ಒಂದೇ ಸ್ವರ. 'ಹೇ' ಅನ್ನುವುದಕ್ಕಿಂತ ಬಾಯಿ ಸ್ವಲ್ಪ ಜಾಸ್ತಿ ತೆರೆಯಬೇಕು, 'ಹ್ಯಾ' ಅನ್ನುವಷ್ಟು ಬೇಡ. ಚಾರ್ಟಿನ ಐನಕ್ ಕೂಡ ಹಾಗೇ. ಔರತ್‌ನ ಔ ಇಂಗ್ಲಿಷಿನವರು ಚೆಂಡಿಗೆ ಬಾಲ್ ಅನ್ನುವಾಗಿನ ಸ್ವರಕ್ಕೆ ಹತ್ತಿರ. ಆದರೆ ಭೈಯ್ಯಾ, ಕೌವಾ ಅನ್ನುವಾಗ ನಮ್ಮ ಐ, ಔ ಹಾಗೇ ವಾಪಸ್ ಬರುತ್ತವೆ. ಬನಾರಸ್, ಬಿಹಾರದ ಕಡೆಯವರು ಮಾತಾಡಿದರೆ ಇನ್ನೂ ಜಾಸ್ತಿ ಕೇಳಿಸುತ್ತವೆ. ಹಾಗಾಗಿ ನಮ್ಮ ಬೆಂಚಿನ ಕೂಗು ಪೂರ್ತಿ ಅನಾಥವೇನಲ್ಲ.

ಇವತ್ತಿನ ನಿಜವಾದ ಮಜಾ ಬೇರೆ. ಹಿಂದಿಯ ಬಾರಹ್‌ಖಡೀ ಅಂದರೆ ನಮ್ಮ ಕಾಗುಣಿತ. ಬಾರಹ್ ಅಂದರೆ ಹನ್ನೆರಡು, ಅಷ್ಟೇ ರೂಪ. ಅದರಲ್ಲಿ ಕೇ ಇದೆ, ಕೆ ಇಲ್ಲ. ಕೋ ಇದೆ, ಕೊ ಇಲ್ಲ. ಹಿಂದಿಯಲ್ಲಿ ಹ್ರಸ್ವ ಎ ಇಲ್ಲ ಅಂತ ಸ್ಕೂಲಿನಲ್ಲಿ ಓದಿದ್ದೂ ನೆನಪಿದೆ. ಆದರೆ ಆಂಟಿ ದಿನಾ ಹೇಳುವ 'ಪೆಹ್ಲೇ ಚಾಯ್ ಪೀ ಲೋ' ಅನ್ನುವುದರಲ್ಲಿ ಇರುವುದೇನು ಮತ್ತೆ? ಬರೆಯುವುದು ಪ-ಹ-ಲೇ, ಹೇಳುವುದು ಪೆಹ್ಲೇ. ಶಹರ್ ಶೆಹೆರ್ ಆಗುತ್ತದೆ, ಬಹನ್ ಬೆಹೆನ್ ಆಗುತ್ತದೆ. ಹಕಾರದ ಸಹವಾಸಕ್ಕೆ ಬಿದ್ದ ಅ, ಎಕಾರವಾಗಿ ಕೂತಿದೆ. ಅಂದರೆ ಹ್ರಸ್ವ ಎ ಇವರ ಬಾಯಲ್ಲಿದೆ, ಅಕ್ಷರಮಾಲೆಯಲ್ಲಿಲ್ಲ. ಆಂಟಿಗೆ ಹೇಳಿದರೆ ನಂಬಲಿಲ್ಲ. ನಾಲ್ಕು ಸಲ ತಾವೇ ಹೇಳಿ ನೋಡಿಕೊಂಡು, 'ಅರೇ ಹಾಂ!' ಅಂದರು.

ಸಂಜೆ ಮೊಮ್ಮಗಳ ಸ್ಲೇಟಿನಲ್ಲಿ ನಾಗರಿಯಲ್ಲಿ, ಅಂದರೆ ಹಿಂದಿಯ ಲಿಪಿಯಲ್ಲಿ, ಹೊಸಕೋಟೆ ಅಂತ ಬರೆದುಕೊಟ್ಟೆ. ಓದಿದಳು: 'ಹೋಸ್ಕೋಟೇ'. ತಪ್ಪಿಲ್ಲ. ಹೊ ಮತ್ತು ಕೋ ಎರಡಕ್ಕೂ ನಾನು ಹಾಕಿದ್ದು ಒಂದೇ ಮಾತ್ರೆ (ಸ್ವರಚಿಹ್ನೆ), ಬೇರೆ ಇಲ್ಲವಲ್ಲ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ನಾಗರಿಗೂ ಹ್ರಸ್ವ ಎ, ಒ ಇವೆ. ದ್ರಾವಿಡ ಭಾಷೆ ಬರೆಯಲು ಸೇರಿಸಿದ್ದು. ಆದರೆ ಒಂದನೇ ಕ್ಲಾಸಿನ ಸ್ಲೇಟಿಗೆ ಅವು ಬಂದಿಲ್ಲ. ಬಾಯಲ್ಲೇ ಹೇಳಿಕೊಟ್ಟೆ: ಕೊಡು, ಕೋಡು. ಎರಡನ್ನೂ ಕೇಳಿ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದಳು. ಆಮೇಲೆ ಕೇಳಿದಳು: 'ಆಂಟೀ, ಆಪ್ಕೇ ಯಹಾಂ ಛೋಟಾ ಓ ಭೀ ಹೋತಾ ಹೈ?' (ನಿಮ್ಮಲ್ಲಿ ಸಣ್ಣ ಓ ಕೂಡ ಇರುತ್ತದಾ?)

ಹೋತಾ ಹೈ ಅಂದೆ. ಛೋಟಾ ಏ ಕೂಡ ಇದೆ ಅಂದಾಗ ಅಜ್ಜಿಗೆ ಹೇಳಲು ಒಳಗೆ ಓಡಿದಳು.