ಸರಿರಾತ್ರಿ ಬಂದ ಕರೆ

ಜನವರಿ 16 ಬಂತೆಂದರೆ ಮುಡಿಪು ಗುಡ್ಡಕ್ಕೆ ಜನ ಬೆಳಿಗ್ಗೆಯಿಂದಲೇ ಹತ್ತತೊಡಗುತ್ತಾರೆ. ಮಂಗಳೂರಿನಿಂದ ದೇರಳಕಟ್ಟೆ, ಕೊಣಾಜೆ ದಾಟಿ ಹೋಗುವ ಊರು ಅದು. ಈಚೆಗೆ ಮುಡಿಪು ಎಂದರೆ ಹೆಚ್ಚಿನವರಿಗೆ ಇನ್ಫೋಸಿಸ್ ನೆನಪಾಗುತ್ತದೆ. ನಮ್ಮ ಹಿರಿಯರಿಗೆ ಮಾತ್ರ ಅದು ಮುನ್ನೂರು ವರ್ಷಗಳ ಹಿಂದಿನ ಕಥೋಲಿಕ ಗುರು ಸಂತ ಜೋಸೆಫ್ ವಾಜರ ಗುಡ್ಡ. ಜನವರಿ 16 ಅವರ ಹಬ್ಬ. ಅಲ್ಲಿನ ಒರತೆಯ ನೀರಿಗಾಗಿ ಬಾಟಲಿ ಹಿಡಿದು ಬರುವವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ.

ಒರತೆಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ವಾಜರನ್ನು ಕಂಡರಾಗದ ಕೆಲವರು ಒಂದು ರಾತ್ರಿ ಬಂದು, ಗುಡ್ಡದ ಮೇಲೊಬ್ಬರು ಸಾಯುವ ಸ್ಥಿತಿಯಲ್ಲಿದ್ದಾರೆ, ಕೊನೆಯ ಸಂಸ್ಕಾರ ಕೊಡಬೇಕು ಎಂದರಂತೆ. ಗುರುಗಳು ಕೋಲು ಹಿಡಿದು ಹೊರಟರು. ಮೇಲೆ ಹೋದಾಗ ರೋಗಿಯೂ ಇಲ್ಲ, ಮನೆಯೂ ಇಲ್ಲ. ಕರೆತಂದವರು ಕೊಲ್ಲಲು ನಿಂತಿದ್ದರು. ಆಗ ಅವರು ಕೋಲನ್ನು ಬಂಡೆಗೆ ಊರಿದಲ್ಲಿ ಮೂರು ಕಡೆ ನೀರು ಚಿಮ್ಮಿತು, ಬಂದವರು ಹೆದರಿ ಓಡಿದರು ಎಂಬುದು ಪ್ರತೀತಿ.

ಪವಾಡದ ಬಗ್ಗೆ ಪ್ರವಚನಗಳು ಬೇಕಾದಷ್ಟಿವೆ. ನನಗೆ ಹೆಚ್ಚು ಕಾಡುವುದು ಅದಕ್ಕೂ ಮುಂಚಿನ ಗಳಿಗೆ. ಒಬ್ಬ ಮನುಷ್ಯನನ್ನು ಕತ್ತಲಲ್ಲಿ ಹೊರಗೆ ಕರೆಯಬೇಕಾದರೆ ಅವನಿಗೆ ತಕ್ಕ ಆಮಿಷ ಬೇಕು. ಒಬ್ಬನಿಗೆ ಹಣ, ಇನ್ನೊಬ್ಬನಿಗೆ ಹೆಸರು. ವಾಜರಿಗೆ ಯಾವುದು ನಾಟುತ್ತದೆಂದು ಆ ವೈರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಸಾಯುವವರೊಬ್ಬರು ಇದ್ದಾರೆಂದರೆ ಸಾಕು, ಈ ಮನುಷ್ಯ ಯಾರ ಮನೆ, ಯಾಕೆ ಈ ಹೊತ್ತಲ್ಲಿ ಎಂದು ಕೇಳದೆ ಬರುತ್ತಾನೆ. ಕೊಲ್ಲಲು ಬಂದವರಿಗೂ ಅವರ ಗುಣದ ಮೇಲೆ ಅಷ್ಟು ಭರವಸೆ! ಒಬ್ಬ ಗುರುವಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಗುರುಮಠ ಕೊಟ್ಟೀತು?

ಗೋವಾದ ಬೆನೌಲಿಮ್‌ನಲ್ಲಿ 1651ರಲ್ಲಿ ಹುಟ್ಟಿದ ವಾಜರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಅವರನ್ನು ಕೆನರಾಕ್ಕೆ ಕಳಿಸಿದರು. ಅದು ಕೆಳದಿ ಚೆನ್ನಮ್ಮನ ಆಳ್ವಿಕೆಯ ಕಾಲ. ಇಲ್ಲಿ ಕ್ರೈಸ್ತರು ಚದುರಿಹೋಗಿದ್ದರು, ಸಾಲದ್ದಕ್ಕೆ ಅಧಿಕಾರದ ಜಗಳ ಬೇರೆ. ಪೋರ್ಚುಗೀಸ್ ಪದ್ರುವಾದೊ (ಚರ್ಚಿನ ಮೇಲೆ ಪೋರ್ಚುಗಲ್ ದೊರೆಗಿದ್ದ ಹಕ್ಕು) ಪ್ರಕಾರ ಗೋವಾದ ಆರ್ಚ್‌ಬಿಷಪ್ ಒಂದು ಕಡೆ, ರೋಮಿನ ಧರ್ಮಪ್ರಚಾರ ಮಂಡಳಿಯಾದ ಪ್ರೊಪಗಾಂಡ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಗುರುಗಳ ಬಳಿ ಪಾಪನಿವೇದನೆ ಮಾಡಿದರೆ ಸಲ್ಲುತ್ತದೆ, ಯಾರು ಕಟ್ಟಿಸಿದ ಮದುವೆ ಮದುವೆ ಎಂಬ ದಿಗಿಲು ಬಡವರ ಮನೆಯೊಳಗೆ ಹೊಕ್ಕಿತ್ತು. ಗೋವಾದ ಕಡೆಯಿಂದ ಬಂದ ವಾಜರು ಬಿಷಪರ ಜೊತೆ ಕಾಲು ಕೆರೆದು ನಿಲ್ಲಬಹುದಿತ್ತು. ಅವರು ವಿನಯದಿಂದ ನಡೆದುಕೊಂಡು ಜನರ ಗೊಂದಲ ತಗ್ಗಿಸಲು ನೋಡಿದರು. ಕುಂದಾಪುರ, ಬಸ್ರೂರು, ಗಂಗೊಳ್ಳಿ ಎಂದು ಕರಾವಳಿ ಉದ್ದಕ್ಕೂ ತಿರುಗಿದರು. ಚರ್ಚಿನ ಒಳಜಗಳಗಳು ಇಂದಿಗೂ ಮುಗಿದಿಲ್ಲ, ಕೋರ್ಟಿಗೂ ಹೋಗುತ್ತವೆ. ಆದ್ದರಿಂದ ವಾಜರ ಬದುಕಿನ ಈ ಭಾಗ ನವೇನದ (ಒಂಬತ್ತು ದಿನಗಳ ಪ್ರಾರ್ಥನೆಯ) ಪುಸ್ತಿಕೆಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಿತ್ತು ಅನ್ನಿಸುತ್ತದೆ.

ಅವರ ಮನಸ್ಸೆಲ್ಲ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ ಮೇಲಿತ್ತು. 1658ರ ಹೊತ್ತಿಗೆ ಡಚ್ಚರು ಅಲ್ಲಿನ ಕರಾವಳಿಯನ್ನು ಹಿಡಿದು ಕಥೋಲಿಕ ಗುರುಗಳನ್ನು ಓಡಿಸಿದ್ದರು. ದಶಕಗಳಿಂದ ಅಲ್ಲಿನ ಜನರಿಗೆ ಬಲಿಪೂಜೆಯಿಲ್ಲ. 1687ರಲ್ಲಿ ವಾಜರು ಹರಕು ಬಟ್ಟೆ ಉಟ್ಟು, ಕೂಲಿಯವನ ವೇಷದಲ್ಲಿ, ಜೊತೆಗೊಬ್ಬ ಸೇವಕನನ್ನು ಕರೆದುಕೊಂಡು ಜಾಫ್ನಾ ತಲುಪಿದರು. ಇಳಿಯುತ್ತಲೇ ಭೇದಿಗೆ ಸಿಕ್ಕು ಸಾಯುವಂತಾದರು. ಗುಣವಾದ ಮೇಲೆ ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ಒಂದು ನೆಪ. ಜಪಮಾಲೆ ಕಂಡು ಯಾರ ಕಣ್ಣು ಅರಳುತ್ತದೋ ಆ ಮನೆ ನಮ್ಮದು ಎಂದು ಗುರುತಿಸುವ ಉಪಾಯ ಅದು. ಕುರಿಗಳು ಕುರುಬನ ದನಿ ಗುರುತಿಸುತ್ತವೆ ಎಂದು ಯೇಸು ಹೇಳಿದ್ದು ನಮಗೆ ಗೊತ್ತು. ಇಲ್ಲಿ ಕುರುಬನೇ ಮಂದೆಯನ್ನು ಹುಡುಕುತ್ತಾ ಬಾಗಿಲಲ್ಲಿ ಕೈಚಾಚಿ ನಿಂತಿದ್ದ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂಬ ಗುಮಾನಿಯಿಂದ ಸೆರೆಗೆ ಹಾಕಿದರು. ಆದರೆ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯ ಮುಂದೆ ಅವರಿಗೆ ರಕ್ಷಣೆಯಾಗಿ ನಿಂತ. 1697ರಲ್ಲಿ ಊರಿಗೆ ಸಿಡುಬು ಬಂತು. ದೊರೆ ಸಮೇತ ಜನ ಊರು ಬಿಟ್ಟರು, ರೋಗಿಗಳನ್ನು ಅವರವರ ಮನೆಯವರೇ ಬಿಟ್ಟುಹೋದರು. ಉಳಿದವರು ವಾಜರು ಮತ್ತು ಅವರ ಸಂಬಂಧಿಯೆಂದು ಹೇಳುವ ಫಾದರ್ ಜೋಸೆಫ್ ಕರ್ವಾಲ್ಹೊ. ರೋಗಿಗಳನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂತರು. ಅವರಲ್ಲಿ ಹೆಚ್ಚಿನವರು ವಾಜರ ಮಂದೆಯವರೇ ಅಲ್ಲ. ಕುರಿಗಳ ವಾಸನೆ ಹೊತ್ತ ಕುರುಬರಾಗಿ ಎಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ಗುರುಗಳಿಗೆ ಹೇಳಿದ್ದು ಪ್ರವಚನಗಳಲ್ಲಿ ಕೇಳಿ ಕೇಳಿ ಸವೆದಿದೆ. ಸಿಡುಬಿನ ಕೀವು ನೆನೆದರೆ ಆ ಮಾತಿನ ಖಾರ ಗೊತ್ತಾಗುತ್ತದೆ. ಅದೇ ಪೋಪರು 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ವಾಜರನ್ನು ಸಂತರೆಂದು ಸಾರಿದರು.

ಬಿಷಪ್ ಪದವಿ ತಾನಾಗಿ ಬಂದಾಗ ವಾಜರು ಒಲ್ಲೆನೆಂದರು. ಆದರೆ ಜವಾಬ್ದಾರಿಯಿಂದ ನುಣುಚಿಕೊಂಡವರಲ್ಲ. ಬೆರಳೆಣಿಕೆಯ ಗುರುಗಳನ್ನು ಇಟ್ಟುಕೊಂಡು ಇಡೀ ದ್ವೀಪ ನೋಡಬೇಕಿತ್ತಲ್ಲ, ಆದ್ದರಿಂದ ಊರೂರಲ್ಲಿ ಮುಪ್ಪು ಎಂಬ ಹಿರಿಯನನ್ನೂ ಅಣ್ಣಾವಿ ಎಂಬ ಉಪದೇಶಿಯನ್ನೂ ನಿಲ್ಲಿಸಿದರು. ಗುರು ಬರುವವರೆಗೂ ಮಕ್ಕಳಿಗೆ ಧರ್ಮೋಪದೇಶ, ರೋಗಿಗಳ ಬಳಿ ಪ್ರಾರ್ಥನೆ, ಜಗಳ ಬಿಡಿಸುವುದು ಎಲ್ಲ ಅವರದೇ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜರು ತೀರಿಕೊಂಡರು. ಅವರು ಕಟ್ಟಿದ ಸಮುದಾಯ ಡಚ್ಚರ ಕಾಲವನ್ನು ದಾಟಿ ಉಳಿಯಿತು.

ಪಾಸ್ಖ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ, ಒಳ್ಳೆಯ ಕುರುಬನ ಭಾನುವಾರ, ಸೇವೆಗೆ ದೇವರು ಕರೆಯುವ ದೈವಕರೆಗಾಗಿ ಪ್ರಾರ್ಥಿಸುವ ಕ್ರಮ 1964ರಿಂದ ಇದೆ. ಅಂದು ನಾವು ಕೈಜೋಡಿಸಿ ಗುರುಗಳನ್ನು ಕೊಡು ಎನ್ನುತ್ತೇವೆ, ಮನಸ್ಸಿನಲ್ಲಿ ಮಾತ್ರ ಪಕ್ಕದ ಮನೆಯ ಹುಡುಗನನ್ನು ನೆನೆದುಕೊಂಡು. ಮಕ್ಕಳು ಒಬ್ಬರೋ ಇಬ್ಬರೋ ಇರುವ ಮನೆಗಳಲ್ಲಿ ಇದು ಸಹಜವೇ, ಬೈಯುವುದಕ್ಕೇನಿಲ್ಲ. ಆದರೆ ದೈವಕರೆ ಎಂದ ಕೂಡಲೇ ನಾವು ಗುರುಗಳನ್ನು ತಯಾರಿಸುವ ಜೆಪ್ಪುವಿನ ಸೆಮಿನರಿಯ ಗೇಟನ್ನಷ್ಟೇ ನೋಡುತ್ತೇವೆ. ಮುಪ್ಪುಗಳು ಯಾವ ಸೆಮಿನರಿಗೂ ಹೋದವರಲ್ಲ. ನಮ್ಮಲ್ಲಿ ಚರ್ಚಿನ ಪ್ರತಿ ವಾಳೆಗೆ, ಅಂದರೆ ಹತ್ತಿರದ ಮನೆಗಳ ಗುಂಪಿಗೆ, ಗುರ್ಕಾರ ಎಂಬ ಒಬ್ಬ ಮುಖಂಡ ಇರುವುದು ಹೆಚ್ಚುಕಮ್ಮಿ ಅದೇ ಕೆಲಸಕ್ಕೆ. ಯಾರ ಮನೆಯಲ್ಲಿ ಮಲಗಿದವರಿದ್ದಾರೆ, ಯಾರ ಮಗ ಚರ್ಚಿಗೆ ಬರುವುದು ಬಿಟ್ಟಿದ್ದಾನೆ, ಯಾರ ಒಲೆ ಉರಿಯುತ್ತಿಲ್ಲ ಎಂಬುದು ಚರ್ಚಿನ ಮುಖ್ಯ ಗುರುಗಳಾದ ವಿಗಾರರಿಗಿಂತ ಮೊದಲು ಅವನಿಗೆ ತಿಳಿದಿರಬೇಕು. ಈಗ ಅದು ಬಹುಪಾಲು ಹಬ್ಬದ ವಂತಿಗೆ ಎತ್ತುವ ಕೆಲಸವಾಗಿದೆ.

ನಮ್ಮ ವಾಳೆಯ ಗುರ್ಕಾರರ ಅವಧಿ ಈ ವರ್ಷ ಮುಗಿಯುತ್ತದೆ. ಆಸಕ್ತಿ ಇದ್ದವರು ಹೆಸರು ಕೊಡಿ ಎಂದು ಫಾದರ್ ಕೇಳಿದ್ದಾರೆ. ನನ್ನ ಹೆಂಡತಿ ಕೊಡುತ್ತೇನೆ ಎನ್ನುತ್ತಿದ್ದಾಳೆ. ರಾತ್ರಿ ಹೊತ್ತು ಫೋನು ಬಂದರೆ ಗಾಡಿ ತೆಗೆಯುವುದು ನಾನೇ ಎಂದು ಅವಳಿಗೆ ಹೇಳಿದ್ದೇನೆ.