ಕ್ಯಾಲೆಂಡರ್ ಮುಂದಿಟ್ಟುಕೊಂಡು

ಹೊಸ ಕ್ಯಾಲೆಂಡರ್ ಬಂದ ಕೂಡಲೇ ನಾನೂ ಅಮ್ಮನೂ ಪೆನ್ಸಿಲ್ ಹಿಡಿದು ಕೂರುತ್ತೇವೆ. ಭಾನುವಾರಕ್ಕೆ ಅಂಟಿಕೊಂಡ ಕೆಂಪಕ್ಷರದ ರಜೆ ಎಲ್ಲಿದೆ, ನೆಂಟರ ಮದುವೆ ಯಾವಾಗ ಅಂತ ನೋಡಿ ಆ ವರ್ಷ ಸುತ್ತೋಕೆ ಹೋಗುವ ಊರು ಗೊತ್ತುಮಾಡೋದು. ಬಾದಾಮಿಗೆ ಡಿಸೆಂಬರ್, ಏಪ್ರಿಲ್‌ನಲ್ಲಿ ಆ ಬಂಡೆ ಕಾದ ಹಂಚು. ಜೋಗಕ್ಕೆ ಆಗಸ್ಟ್.

ದುಡ್ಡು ಉಳಿಯೋದು ರೈಲಿನಲ್ಲಿ. ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತೆ (2024ರ ಅಕ್ಟೋಬರ್ ಮುಗಿಯುವವರೆಗೂ 120 ದಿನ ಇತ್ತು). ಹಾಗಾಗಿ ಹೊರಡುವ ತಾರೀಕಿನ ಜೊತೆ ಟಿಕೆಟ್ ತೆಗೆಯುವ ತಾರೀಕನ್ನೂ ಗುರುತು ಹಾಕುತ್ತೇವೆ. ಬೆಂಗಳೂರಲ್ಲಿ ರಾತ್ರಿ ತಾಳಗುಪ್ಪದ ರೈಲಿನ ಸ್ಲೀಪರ್ ಹತ್ತಿ ಮಲಗಿದರೆ ಬೆಳಗಾಗುವಾಗ ಮಲೆನಾಡು. ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳೀತು.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಅಲ್ಲಿಂದ ಮುಂದಿನ ಸರ್ಕಾರಿ ಬಸ್ಸಿನ ಖರ್ಚೂ ನಮ್ಮಿಬ್ಬರಿಗೆ ಇಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡ್ತಾರೆ. ಅದಕ್ಕಿಂತ ಮುಂಚೆ "ನೀನು ಹೋಗಿ ಬಾ, ನನಗ್ಯಾಕೆ ಸುಮ್ನೆ ದುಡ್ಡು" ಅಂತಿದ್ದ ಅಮ್ಮ ಈಗ ಜೋಗದ ಪಕ್ಕ ತಾವೇ ಇಕ್ಕೇರಿ, ಕೆಳದಿ ಅಂತ ಸೇರಿಸ್ತಾರೆ. "ಸಾಗರದವರೆಗೆ ಹೋಗಿ ಇಕ್ಕೇರಿ ಅಘೋರೇಶ್ವರನ್ನ ನೋಡದೆ ಬರೋಕಾಗತ್ತಾ?"

ಇಷ್ಟು ವರ್ಷ ಅವರಿಗೆ ಊರು ನೋಡೋ ಆಸೆ ಇರಲಿಲ್ಲ ಅಂತಲ್ಲ, ಕೇಳೋಕೆ ಸಂಕೋಚ ಇತ್ತು ಅಷ್ಟೇ ಅಂತ ಈಗ ಅನ್ನಿಸುತ್ತೆ.

ಈ ಸಲ ಬೀದರ್ ಕೋಟೆಯೂ ಪಟ್ಟಿಯಲ್ಲಿದೆ. ಕಡಿಮೆ ಬಾಡಿಗೆಯ ಒಳ್ಳೆ ಲಾಡ್ಜ್ ಗೊತ್ತಿದ್ದರೆ ಹೇಳಿ.