ಒಂದೇ ಬಾಗಿಲಿನ ಊರು

ಇರಾನಿನ ಇಸ್ಫಹಾನಿನಿಂದ ಶಿರಾಜಿಗೆ ಕಾರಿನಲ್ಲಿ ಹೊರಟ ಪ್ರವಾಸಿಗರು ನಡುವೆ ನಿಲ್ಲುವುದಾದರೆ ಪಸರ್ಗಾದಿನಲ್ಲಿರುವ ಪ್ರಾಚೀನ ಪರ್ಷಿಯದ ದೊರೆ ಸೈರಸ್‌ನ ಸಮಾಧಿಯ ಬಳಿ ನಿಲ್ಲುತ್ತಾರೆ, ಇಲ್ಲವೇ ಪಾಳುಬಿದ್ದ ಹಳೆಯ ರಾಜಧಾನಿ ಪರ್ಸೆಪೊಲಿಸ್ಸಿನಲ್ಲಿ. ಅವೆರಡಕ್ಕೂ ಬಹಳ ಮೊದಲೇ, ಇಸ್ಫಹಾನಿನಿಂದ ಸುಮಾರು 135 ಕಿಲೋಮೀಟರ್ ದಕ್ಷಿಣಕ್ಕೆ ಸಿಗುವ ಇಜದ್‌ಖಾಸ್ತ್‌ನಲ್ಲಿ ಅರ್ಧ ದಿನ ಕಳೆಯಬೇಕೆಂದು ನಾನು ಹೇಳಿದಾಗ, ಬಿದ್ದುಹೋದ ಮಣ್ಣಿನ ಗೋಡೆಗಳನ್ನು ನೋಡಲು ಅಷ್ಟು ಹೊತ್ತೇಕೆ ಎಂದು ಚಾಲಕರು ಕೇಳಿದರು. ಅವರು ಆ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಹಳೆಯ ಊರಿನ ಕಡೆಗೆ ಒಮ್ಮೆಯೂ ಕಾರು ತಿರುಗಿಸಿರಲಿಲ್ಲ.

ಫಾರ್ಸ್ ಪ್ರಾಂತ್ಯದ ಉತ್ತರದ ಅಂಚಿನಲ್ಲಿರುವ ಈ ಎತ್ತರದ ಬಯಲು ಬೋಳು. ಮರವಿಲ್ಲ, ನೀರಿನ ಸುಳಿವಿಲ್ಲ. ಆದರೆ ಹೊಸ ಊರನ್ನು ದಾಟಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ನೆಲ ಥಟ್ಟನೆ ಮುಗಿದುಹೋಗುತ್ತದೆ. ಕಾಲ ಕೆಳಗೆ ಕಡಿದಾದ ಕಣಿವೆ, ಅದರ ತಳದಲ್ಲಿ ತೆಳ್ಳಗೆ ಹರಿಯುವ ಹೊಳೆ, ಹೊಳೆಯ ಎರಡೂ ಬದಿಗೆ ಹಸಿರು ಹೊಲಗಳ ಕಿರಿದಾದ ಪಟ್ಟಿ. ಈ ಕಣಿವೆಯ ನಡುವೆ ಎರಡೂ ದಡಗಳಿಂದ ಬೇರೆಯಾಗಿ ಎದ್ದು ನಿಂತ ಉದ್ದನೆಯ ಬಂಡೆಯೊಂದಿದೆ. ಆ ಬಂಡೆಯ ನೆತ್ತಿಯ ಮೇಲೆ, ಒಂದಿಂಚು ಜಾಗವನ್ನೂ ಬಿಡದಂತೆ, ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಹಳೆಯ ಇಜದ್‌ಖಾಸ್ತ್ ಇದೆ. ಅಗಲಕ್ಕೆ ಬೆಳೆಯಲು ಎಡೆಯಿಲ್ಲದ್ದರಿಂದ ಊರು ಎತ್ತರಕ್ಕೆ ಬೆಳೆದಿದೆ. ಮನೆಯ ಮೇಲೆ ಮನೆ, ಅಂತಸ್ತಿನ ಮೇಲೆ ಅಂತಸ್ತು. ಬಯಲಿನ ಅಂಚಿನಲ್ಲಿ ನಿಂತವನ ಕಣ್ಣಿಗೆ ಎದುರಾಗುವುದು ಅದರ ಮಾಳಿಗೆಗಳೇ. ಲಂಗರು ಹಾಕಿದ ಹಡಗಿನಂತೆ ಕಾಣುತ್ತದೆ ಎಂದು ಅನೇಕರು ಹೇಳುತ್ತಾರೆ. ನನಗೂ ಅದಕ್ಕಿಂತ ಒಳ್ಳೆಯ ಹೋಲಿಕೆ ಹೊಳೆಯಲಿಲ್ಲ.

ಊರಿನ ಬುನಾದಿ ಇಸ್ಲಾಮಿಗೆ ಮೊದಲು ಇರಾನನ್ನು ಆಳಿದ ಸಾಸಾನಿಯರ ಕಾಲದ್ದೆಂದೂ, ಒಳಗಿನ ಮಸೀದಿ ಮೊದಲು ಅಗ್ನಿದೇಗುಲವಾಗಿತ್ತೆಂದೂ ಪ್ರತೀತಿಯಿದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬಂಡೆಯ ಒಂದು ತುದಿಯಲ್ಲಿರುವ ಬಾಗಿಲು. ಇಡೀ ಊರಿಗೆ ಇದ್ದದ್ದು ಆ ಒಂದೇ ಬಾಗಿಲು. ಅದರ ಮುಂದೆ ಕಂದಕ, ಕಂದಕದ ಮೇಲೊಂದು ಸೇತುವೆ. ಸೇತುವೆಯನ್ನು ಎತ್ತಿಬಿಟ್ಟರೆ ಊರಿಗೂ ಹೊರಜಗತ್ತಿಗೂ ಸಂಬಂಧ ಕಡಿದಂತೆ. ಬಂಡೆಯ ಬುಡದಲ್ಲಿ ಕೊರೆದ ಗುಹೆಗಳು ಕುರಿ, ಕತ್ತೆಗಳ ಕೊಟ್ಟಿಗೆಗಳಾಗಿದ್ದವು. ಒಳಗಿನ ಓಣಿಗಳಲ್ಲಿ ಬಹುಪಾಲು ಕುಸಿದಿವೆ, ಆದ್ದರಿಂದ ಹುಷಾರಾಗಿ ಹೆಜ್ಜೆಯಿಡಬೇಕು. ಅರ್ಧ ನಿಂತ ಗೋಡೆಯೊಂದರಲ್ಲಿ ಹುಲ್ಲು ಕಲಸಿದ ಮಣ್ಣಿನ ಗಿಲಾವು ಇನ್ನೂ ಗಟ್ಟಿಯಾಗಿತ್ತು; ಬಿಸಿಲಿಗೆ ಅದರೊಳಗಿನ ಹುಲ್ಲಿನೆಳೆಗಳು ಮಿನುಗುತ್ತಿದ್ದವು, ಪಕ್ಕದ ಗೂಡಿನಲ್ಲಿ ದೀಪದ ಮಸಿ ಹಾಗೇ ಉಳಿದಿತ್ತು. ಕೆಲವು ದಶಕಗಳ ಹಿಂದಿನವರೆಗೂ ಜನ ಇಲ್ಲಿ ಸಂಸಾರ ಮಾಡಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ವಾಸ ನಿಂತ ಮೇಲೆ ಮಾಳಿಗೆಗೆ ಮಣ್ಣು ಮೆತ್ತುವವರಿಲ್ಲ. ಮಣ್ಣಿನ ಮನೆಗೆ ಮಳೆಗಾಲ, ಹಿಮಗಾಲ ಎರಡೂ ಶತ್ರುಗಳೇ.

ಹೊರಗಿನ ದರೋಡೆಕೋರರನ್ನು ತಡೆಯಲು ಇಂಥ ಊರು ಸಾಕು. ಆದರೆ ಆಳುವವನೇ ಸೈನ್ಯದೊಂದಿಗೆ ಬಾಗಿಲಿಗೆ ಬಂದರೆ ಅದೇ ಬಂಡೆ ಬೋನಾಗುತ್ತದೆ. 1779ರಲ್ಲಿ ಇರಾನನ್ನು ಆಳುತ್ತಿದ್ದ ಕರೀಮ್ ಖಾನ್ ಜಂದ್ ಶಿರಾಜಿನಲ್ಲಿ ತೀರಿಕೊಂಡಾಗ ಅಧಿಕಾರವನ್ನು ಕೈಗೆ ತೆಗೆದುಕೊಂಡವನು ಅವನ ಹತ್ತಿರದ ಬಂಧು ಜಕೀ ಖಾನ್. ಕ್ರೌರ್ಯಕ್ಕೆ ಹೆಸರಾದ ಈತ ಅದೇ ವರ್ಷ ಇಸ್ಫಹಾನಿನ ಮೇಲೆ ದಂಡೆತ್ತಿ ಹೋಗುವಾಗ ಇಲ್ಲಿ ಬೀಡುಬಿಟ್ಟು, ಕಂದಾಯದ ಹಣವನ್ನು ಬಚ್ಚಿಟ್ಟಿದ್ದೀರೆಂದು ಊರವರನ್ನು ಪೀಡಿಸಿದ. ಅವರು ಇಲ್ಲವೆಂದಾಗ, ಪ್ರಮುಖರಾದ ಹದಿನೆಂಟು ಮಂದಿಯನ್ನು ಒಬ್ಬೊಬ್ಬರಾಗಿ ಪ್ರಪಾತಕ್ಕೆ ತಳ್ಳಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಆಮೇಲೆ ಪ್ರವಾದಿಯ ವಂಶದವರೆಂದು ಜನ ಗೌರವಿಸುತ್ತಿದ್ದ ಸೈಯದರೊಬ್ಬರನ್ನು ಕೊಲ್ಲಿಸಿ, ಅವರ ಮನೆಯ ಹೆಣ್ಣುಮಕ್ಕಳನ್ನು ಸೈನಿಕರಿಗೆ ಒಪ್ಪಿಸಲು ಅಪ್ಪಣೆ ಮಾಡಿದಾಗ ಅವನ ಕಾವಲಿನವರಿಗೇ ಸಹಿಸಲಾಗಲಿಲ್ಲ. ಅವರೇ ಅವನನ್ನು ಮುಗಿಸಿದರು. ಇದನ್ನು ಮೊದಲೇ ಓದಿಕೊಂಡು ಹೋಗಿದ್ದೆನಾದರೂ, ಕುಸಿದ ಗೋಡೆಯ ಆಚೆ ಬಗ್ಗಿ ಕೆಳಗಿನ ಹೊಲವನ್ನು ನೋಡಿದಾಗ ಹೊಟ್ಟೆಯೊಳಗೆ ಸಂಕಟವಾಯಿತು.

ಕೆಳಗೆ ಹೊಳೆಯ ಬಳಿ ಸಫವಿ ರಾಜವಂಶದ (16–18ನೆಯ ಶತಮಾನ) ಕಾಲದ ಸೇತುವೆಯೂ ವರ್ತಕರ ತಂಡಗಳು ತಂಗುತ್ತಿದ್ದ ಕಾರವಾನ್‌ಸರಾಯಿಯೂ ಇವೆ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಇರಾನಿನ 54 ಕಾರವಾನ್‌ಸರಾಯಿಗಳಲ್ಲಿ ಇದೂ ಒಂದು. ಕಟ್ಟಡ ಚೆನ್ನಾಗಿದೆ, ಆದರೆ ಬಂಡೆಯ ಮೇಲಿನ ಊರನ್ನು ನೋಡಿ ಇಳಿದವನಿಗೆ ಅದರ ಅಚ್ಚುಕಟ್ಟುತನ ಸ್ವಲ್ಪ ಸಪ್ಪೆಯೆನಿಸುತ್ತದೆ.

ಮೇಲಕ್ಕೆ ಹತ್ತಿ ಬಂದಾಗ ಚಾಲಕರು ಹೊಸ ಊರಿನಿಂದ ಬಿಸಿ ರೊಟ್ಟಿ ತಂದಿಟ್ಟುಕೊಂಡು, ಚಹಾ ಬಸಿದು ಕಾಯುತ್ತಿದ್ದರು. ಯಜ್ದಿನ ಹೆಂಡತಿ, ಇಜದ್‌ಖಾಸ್ತಿನ ರೊಟ್ಟಿ, ಶಿರಾಜಿನ ದ್ರಾಕ್ಷಾರಸ ಇವು ಮೂರಿದ್ದವನೇ ಸುಖಿ ಎಂಬ ಗಾದೆಯನ್ನು 17ನೆಯ ಶತಮಾನದ ಯುರೋಪಿನ ಪ್ರವಾಸಿಗರೇ ಕೇಳಿ ಬರೆದಿಟ್ಟಿದ್ದಾರೆ. ನಾನು ಅದನ್ನು ಹೇಳಿದಾಗ ಚಾಲಕರು ನಕ್ಕು, ತಮ್ಮ ಹೆಂಡತಿ ಕಾಶಾನಿನವರು, ದ್ರಾಕ್ಷಾರಸಕ್ಕೆ 1979ರಿಂದ ನಿಷೇಧವಿದೆ, ಹಾಗಾಗಿ ರೊಟ್ಟಿಯನ್ನಾದರೂ ಬಿಸಿಯಿರುವಾಗಲೇ ತಿನ್ನಿ ಎಂದರು. ರೊಟ್ಟಿ ನಿಜಕ್ಕೂ ಚೆನ್ನಾಗಿತ್ತು.